ಬಿಡ್ ಬರದಿದ್ದರೆ ಗಾಳಿಯ ತಪ್ಪೇ?

ಕಡಲ ಗಾಳಿ ವಿದ್ಯುತ್ತಿನದು ಮುಗಿದ ಕತೆ ಎಂದು ಕಳೆದ ಸಂಚಿಕೆಯ ಲೇಖಕರು ತೀರ್ಪು ಕೊಟ್ಟಿದ್ದಾರೆ. 2023ರಲ್ಲಿ ಬ್ರಿಟನ್ ನಡೆಸಿದ ಹರಾಜಿನಲ್ಲಿ ಕಡಲ ಗಾಳಿಗೆ ಒಂದೂ ಬಿಡ್ ಬರಲಿಲ್ಲ ಎಂಬುದು ಅವರ ದೊಡ್ಡ ಸಾಕ್ಷಿ. ಸಂಗತಿ ನಿಜ, ಆದರೆ ಅರ್ಧ ಮಾತ್ರ. ಉಕ್ಕು, ಬಡ್ಡಿ ಎರಡೂ ಏರಿದ್ದ ಹೊತ್ತಿನಲ್ಲಿ ಅಲ್ಲಿನ ಸರ್ಕಾರ ಮೆಗಾವಾಟ್ ಗಂಟೆಗೆ 44 ಪೌಂಡಿನ ಗರಿಷ್ಠ ದರದ ಮಿತಿ ಹಾಕಿ ಕೂತಿತ್ತು. ಮರುವರ್ಷ ಮಿತಿ 73 ಪೌಂಡ್ ಆಯಿತು. ಕಂಪನಿಗಳು ಬಂದವು, ಅದೂ 60 ಪೌಂಡಿಗಿಂತ ಕಡಿಮೆ ದರಕ್ಕೆ. (ಎಲ್ಲ ಲೆಕ್ಕವೂ 2012ರ ಬೆಲೆಯಲ್ಲಿ.) ಇದನ್ನು ಬಿಟ್ಟು ಬರೆದದ್ದು ಮರೆವೋ, ಅನುಕೂಲವೋ?

ನಮ್ಮಲ್ಲಿನ ತೊಡಕು ಬೇರೆ. ಗುಜರಾತ್, ತಮಿಳುನಾಡುಗಳಲ್ಲಿ ತಲಾ 500 ಮೆಗಾವಾಟಿಗೆ ಕೇಂದ್ರ ಸಂಪುಟ 2024ರ ಜೂನ್‌ನಲ್ಲಿ 7,453 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಅದರಲ್ಲಿ 600 ಕೋಟಿ ಎರಡು ಬಂದರುಗಳಿಗೆ. ನೂರಾರು ಟನ್ ತೂಕದ ಬಿಡಿಭಾಗಗಳನ್ನು ಇಳಿಸಿಡುವ ಗಟ್ಟಿ ಧಕ್ಕೆ, ಅವನ್ನು ನಡುಗಡಲಲ್ಲಿ ಎತ್ತಿ ನಿಲ್ಲಿಸುವ ಹಡಗು, ತಳದ ಕೇಬಲ್ ಇಲ್ಲದೆ ಟೆಂಡರ್ ಕರೆದರೆ ಯಾರು ಬರುತ್ತಾರೆ?

ಚಿತ್ರದುರ್ಗ, ಗದಗದ ಗುಡ್ಡಗಳಲ್ಲಿ ಅಗ್ಗದ ಗಾಳಿ ಇರುವಾಗ ಕಡಲೇಕೆ ಎಂಬ ಅವರ ಪ್ರಶ್ನೆಗೆ ತೂಕವಿದೆ, ಒಪ್ಪುತ್ತೇನೆ. ಆದರೆ ಮೀನುಗಾರರನ್ನು ಒಂದೇ ಸಾಲಿನಲ್ಲಿ ‘ಅಡ್ಡಿ’ ಎಂದು ಮುಗಿಸಿದ್ದು ಸಲ್ಲದು. ತಮಿಳುನಾಡು ಕರಾವಳಿಯ ಮನ್ನಾರ್ ಕೊಲ್ಲಿಯಲ್ಲಿ ಬಲೆ ಬೀಸುವವರಿಗೆ ಯಾವ ನೀರು ಮುಚ್ಚುತ್ತದೆ, ಎಷ್ಟು ಕಾಲ, ಪರಿಹಾರ ಯಾರ ಕೈಗೆ ಎಂಬುದು ಟೆಂಡರ್ ಕರೆಯುವ ಮೊದಲೇ ಇತ್ಯರ್ಥವಾಗಬೇಕು.