ಹೊಟ್ಟಿನ ಬೆಂಕಿ, ಹಂಡೆಯ ನೀರು

ಕನ್ನಡನಾಡಿನ ಅತಿಥಿಸತ್ಕಾರ ಮೊದಲಾಗುವುದು ನೀರಿನಿಂದ. ಬಂದವರ ಕಾಲಿಗೆ ನೀರು, ಬಾಯಾರಿಕೆಗೆ ನೀರು, ಆಮೇಲೆ ಮೈಗೆ ಬಿಸಿನೀರು. ಊಟದ ಮಾತು ಅನಂತರದ್ದು. ದೀಪಾವಳಿಯ ನೀರು ತುಂಬುವ ಹಬ್ಬದಂದು ಹಂಡೆಯನ್ನು ಬೆಳಗಿ, ಅದರ ಕೊರಳಿಗೆ ಬಳ್ಳಿ ಸುತ್ತಿ, ಅರಿಸಿನ ಕುಂಕುಮವಿಟ್ಟು ಪೂಜಿಸುವ ಸಂಪ್ರದಾಯ ಇಲ್ಲಿಯದು. ಇಂಥ ನಾಡಿನಲ್ಲಿ ಪ್ರಯಾಣಿಕನು ವಸತಿಗೃಹದ ಮೆಟ್ಟಿಲು ಹತ್ತುತ್ತಿರುವಾಗಲೇ “ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ?” ಎಂದು ಕೇಳಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಬಳ್ಳಾರಿಯಲ್ಲಿ ಬೇಸಿಗೆ, ಕಡುಬೇಸಿಗೆ ಎಂದು ಎರಡೇ ಋತುಗಳೆಂಬ ಹಾಸ್ಯೋಕ್ತಿಯನ್ನು ಕೇಳಿದವರು, ಅಲ್ಲಿ ಕಾಯಿಸುವ ಮಾತೇಕೆ ಎಂದು ನಗಬಹುದು. ಆಸ್ಟ್ರಿಯದಂಥ ಹಿಮದ ದೇಶಗಳಲ್ಲಿ ಮರದ ಚೂರನ್ನೂ ಮರದ ಪುಡಿಯ ಗುಳಿಗೆಗಳನ್ನೂ ಉರಿಸಿ ಹೋಟೆಲಿನ ಕೋಣೆಗಳನ್ನು ಬೆಚ್ಚಗಿಡುತ್ತಾರೆ. ಬಳ್ಳಾರಿಯ ಕೋಣೆಗಳಿಗೆ ಆ ಅಗತ್ಯವಿಲ್ಲ, ನಿಜ. ಆದರೆ ಬೆಳಗಿನ ಸ್ನಾನಕ್ಕೆ, ಅಡಿಗೆಮನೆಗೆ, ಹಾಸಿಗೆಯ ಬಟ್ಟೆ ಒಗೆಯುವುದಕ್ಕೆ ವರ್ಷದ ಎಲ್ಲ ದಿನಗಳಲ್ಲೂ ಕಾವು ಬೇಕು. ಆ ಕಾವು ಎಲ್ಲಿಂದ ಬರಬೇಕು ಎಂಬುದು ಸಣ್ಣ ಲಾಡ್ಜಿನ ಮಾಲಿಕನಿಗೆ ತಿಂಗಳು ತಿಂಗಳೂ ಎದುರಾಗುವ ಪ್ರಶ್ನೆ. ಹಿಂದೆ ಕಟ್ಟಿಗೆಯ ಒಲೆಯಿತ್ತು; ಅನಂತರ ವಿದ್ಯುಚ್ಛಕ್ತಿಯ ಗೀಸರು ಬಂತು, ಅನಿಲದ ಸಿಲಿಂಡರು ಬಂತು. ಹೊಗೆ ಹೋಯಿತು, ಬಿಲ್ಲು ಏರಿತು.

ಇತ್ತ ಮಾಲಿಕನು ಬಿಲ್ಲಿನ ಚಿಂತೆಯಲ್ಲಿರುವಾಗ, ಅತ್ತ ಊರ ಸುತ್ತಲೂ ಇಂಧನವು ರಾಶಿ ರಾಶಿಯಾಗಿ ಬಿದ್ದಿರುತ್ತದೆ. ನಗರದಿಂದ ಉತ್ತರಕ್ಕೆ ಸುಮಾರು 55 ಕಿಲೊಮೀಟರು ಸಾಗಿದರೆ ಸಿರುಗುಪ್ಪ. ಆ ಹೆಸರಿಗೆ ಸಿರಿಯ ಕುಪ್ಪೆ ಎಂದು ಅರ್ಥ ಹೇಳುವುದುಂಟು. 1953ರಲ್ಲಿ ತುಂಗಭದ್ರಾ ಜಲಾಶಯದಿಂದ ಕಾಲುವೆಗೆ ನೀರು ಹರಿಯಿತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮದರಾಸು ಪ್ರಾಂತ್ಯವನ್ನು ಬಿಟ್ಟು ಮೈಸೂರನ್ನು ಸೇರಿತು. ಕಾಲುವೆಯ ನೀರು ಹರಿದಲ್ಲೆಲ್ಲ ಭತ್ತ ಬೆಳೆಯಿತು. ಭತ್ತವನ್ನು ಹಿಂಬಾಲಿಸಿ ಅಕ್ಕಿಯ ಗಿರಣಿಗಳು ಬಂದವು. 75 ಕಿಲೊ ತೂಗುವ ಒಂದು ಚೀಲ ಭತ್ತವನ್ನು ಗಿರಣಿಗೆ ಹಾಕಿದರೆ ಅಕ್ಕಿ ತೌಡುಗಳಲ್ಲದೆ ಸುಮಾರು 15 ಕಿಲೊ ಹೊಟ್ಟು ಉಳಿಯುತ್ತದೆ. ಭತ್ತವನ್ನು ಆವಿಯಲ್ಲಿ ಹಬೆಯಾಡಿಸುವ ಗಿರಣಿಗಳು ಈ ಹೊಟ್ಟನ್ನೇ ಬಾಯ್ಲರಿಗೆ ಉಣಿಸುತ್ತವೆ. ಹೊಟ್ಟಿನಿಂದ ನೀರು ಕಾಯುತ್ತದೆಯೇ ಎಂಬ ಸಂದೇಹಕ್ಕೆ ಉತ್ತರವನ್ನು ದೂರದ ದೇಶಗಳಲ್ಲಿ ಹುಡುಕಬೇಕಾಗಿಲ್ಲ. ಸಿರುಗುಪ್ಪದ ಗಿರಣಿಯ ಹಿತ್ತಿಲಲ್ಲಿ ಅದು ದಿನವೂ ಉರಿಯುತ್ತಿದೆ.

ದೊಡ್ಡಬಸವೇಶ್ವರನ ಸನ್ನಿಧಿಯಿಂದ ಹೆಸರಾದ ಕುರುಗೋಡು ಬಳ್ಳಾರಿಗೆ ಇನ್ನೂ ಹತ್ತಿರ. ಆ ಸೀಮೆಯ ಕಪ್ಪು ನೆಲದಲ್ಲಿ ಹತ್ತಿಯೂ ಮೆಣಸಿನಕಾಯಿಯೂ ಬೆಳೆಯುತ್ತವೆ. ಫಸಲು ಕೈಗೆ ಬಂದ ಮೇಲೆ ಹತ್ತಿಕಟ್ಟಿಗೆ, ಮೆಣಸಿನ ಕಟ್ಟಿಗೆಗಳು ಹೊಲದಲ್ಲಿಯೇ ನಿಲ್ಲುತ್ತವೆ. ಅದರಲ್ಲಿ ಒಂದಷ್ಟು ಮನೆಯ ಒಲೆಗೆ ಹೋದರೆ, ಉಳಿದುದಕ್ಕೆ ಅಲ್ಲಿಯೇ ಬೆಂಕಿ ಬೀಳುತ್ತದೆ. ಇವೆಲ್ಲಕ್ಕೂ ಮೇಲಾಗಿ ರಸ್ತೆಯ ಅಂಚು, ಕೆರೆಯ ಏರಿ, ಬೀಳು ಭೂಮಿ ಎಲ್ಲವನ್ನೂ ಆಕ್ರಮಿಸಿರುವ ಮುಳ್ಳಿನ ಗಿಡವೊಂದಿದೆ. 1870ರ ದಶಕದಲ್ಲಿ ಮದರಾಸು ಪ್ರಾಂತ್ಯದ ಅರಣ್ಯಾಧಿಕಾರಿಗಳು ಸೌದೆಯ ಕೊರತೆ ನೀಗಲೆಂದು ಅಮೆರಿಕ ಖಂಡದ ಬೀಜವನ್ನು ತರಿಸಿ ಬಿತ್ತಿದ ಈ ಗಿಡಕ್ಕೆ ಕನ್ನಡದಲ್ಲಿ ನೆಲೆಗೊಂಡ ಹೆಸರು ಬಳ್ಳಾರಿ ಜಾಲಿ. ಕಡಿದಷ್ಟೂ ಚಿಗುರುವ ಈ ಹಟಮಾರಿ ಗಿಡದ ಕಟ್ಟಿಗೆ ಬಹಳ ಗಟ್ಟಿ, ಕಾವೂ ಬಹಳ.

ಈಗ ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ಒಂದು ಲೀಟರು ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಬೇಕಾಗುವ ಕಾವಿಗೆ ಒಂದು ಕಿಲೊಕ್ಯಾಲೊರಿ ಎಂದು ಹೆಸರು. ನಗರದ ಒಂದು ಲಾಡ್ಜಿನಲ್ಲಿ 60 ಮಂದಿ ಇಳಿದಿದ್ದಾರೆಂದೂ, ಒಬ್ಬೊಬ್ಬರಿಗೆ 30 ಲೀಟರು ನೀರು ಬೇಕೆಂದೂ, ತೊಟ್ಟಿಯ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಬೇಕೆಂದೂ ಇಟ್ಟುಕೊಳ್ಳೋಣ. 1,800 ಲೀಟರು, 20 ಡಿಗ್ರಿ. ಒಟ್ಟು 36,000 ಕಿಲೊಕ್ಯಾಲೊರಿ. ವಿದ್ಯುಚ್ಛಕ್ತಿಯಿಂದಲಾದರೆ ಏನೊಂದೂ ನಷ್ಟವಾಗದಿದ್ದರೂ ದಿನಕ್ಕೆ 42 ಯೂನಿಟ್ಟು ಬೇಕು. ಅನಿಲದಿಂದಲಾದರೆ ಸುಮಾರು 4 ಕಿಲೊ. ಹೋಟೆಲಿನ 19 ಕಿಲೊ ಸಿಲಿಂಡರು ಐದು ದಿನವೂ ಬಾರದು. ಭತ್ತದ ಹೊಟ್ಟಿನ ಒಂದು ಕಿಲೊದಲ್ಲಿ 3,000 ಕಿಲೊಕ್ಯಾಲೊರಿಗೆ ಕಡಿಮೆಯಿಲ್ಲದ ಕಾವಿದೆ. ಅದರಲ್ಲಿ ಅರ್ಧ ಮಾತ್ರ ನೀರಿಗೆ ಸೇರಿ ಉಳಿದರ್ಧ ಹೊಗೆಕೊಳವೆಯ ಪಾಲಾದರೂ 24 ಕಿಲೊ ಸಾಕು. ಎರಡು ಚೀಲ ಭತ್ತದ ಸಿಪ್ಪೆಯಿಂದ ಅರುವತ್ತು ಜನರ ಅಭ್ಯಂಜನ! ಈ ಲೆಕ್ಕವನ್ನು ಕಂಡ ಯಾವ ಮಾಲಿಕನ ಮನಸ್ಸು ತಾನೆ ಅರಳುವುದಿಲ್ಲ?

ಆದರೆ ಕಾಗದದ ಮೇಲಿನ ಹೊಟ್ಟು ಬಲು ಸುಲಭವಾಗಿ ಉರಿಯುತ್ತದೆ. ಒಲೆಯೊಳಗಿನ ಹೊಟ್ಟಿನ ಸ್ವಭಾವ ಬೇರೆ.

ಹೊಟ್ಟು ಹಗುರ, ಒಂದು ಘನ ಮೀಟರು ಜಾಗವನ್ನು ತುಂಬಿದರೂ ತೂಕ ನೂರು ಕಿಲೊದ ಆಸುಪಾಸು. ಲಾರಿ ಬೆಟ್ಟದಂತೆ ಕಂಡರೂ ಅದು ಹೊತ್ತು ತರುವ ಕಾವು ಕಡಿಮೆ, ಬಾಡಿಗೆ ಮಾತ್ರ ಪೂರ್ತಿ. ಮಳೆಯಲ್ಲಿ ನೆನೆದರೆ ಅದು ಉರಿಯುವುದಿಲ್ಲ, ಹೊಗೆಯುತ್ತದೆ. ಆದುದರಿಂದ ಸೂರಿನಡಿಯ ಉಗ್ರಾಣ ಬೇಕು. ಆ ಉಗ್ರಾಣಕ್ಕೆ ಕಿಡಿ ತಾಗದ ಎಚ್ಚರವೂ ಬೇಕು. ಜಾಲಿಯ ಕಟ್ಟಿಗೆಯ ಮಾತೂ ಇದೇ: ಹಸಿಯ ಕಟ್ಟಿಗೆಯ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ನೀರೇ ಇರಬಹುದು. ಅದನ್ನು ಒಲೆಗೆ ಹಾಕಿದವನು ಹಂಡೆಯ ನೀರಿಗಿಂತ ಮೊದಲು ಕಟ್ಟಿಗೆಯೊಳಗಿನ ನೀರನ್ನು ಕಾಯಿಸುತ್ತಾನೆ. ಬಳ್ಳಾರಿಯ ಬಿಸಿಲು ಕಟ್ಟಿಗೆಯನ್ನು ಪುಕ್ಕಟೆಯಾಗಿ ಒಣಗಿಸಿಕೊಡುತ್ತದೆ. ಬೇಸಿಗೆಯಲ್ಲಿಯೇ ಕೂಡಿಟ್ಟುಕೊಳ್ಳುವ ಮುಂದಾಲೋಚನೆಯನ್ನು ಮಾತ್ರ ಮಾಲಿಕನೇ ತರಬೇಕು.

ಎರಡನೆಯದು ಬೂದಿ. ಹೊಟ್ಟಿನ ಐದರಲ್ಲಿ ಒಂದು ಪಾಲು ಬೂದಿಯಾಗಿ ಉಳಿಯುತ್ತದೆ. ಮೇಲಿನ ಲಾಡ್ಜಿನಲ್ಲಿ ದಿನಕ್ಕೆ ಸುಮಾರು 5 ಕಿಲೊ, ತಿಂಗಳಿಗೆ 150 ಕಿಲೊ! ಈ ಬೂದಿಯ ಬಹುಪಾಲು ಸಿಲಿಕಾ, ಎಂದರೆ ಮರಳಿನ ಸತ್ತ್ವ. ಅತಿ ಹೆಚ್ಚಿನ ಉರಿಯಲ್ಲಿ ಅದು ಸ್ಫಟಿಕರೂಪವನ್ನು ತಾಳಬಲ್ಲುದು; ಆ ಧೂಳು ಉಸಿರಿನೊಡನೆ ಒಳಹೊಕ್ಕರೆ ಶ್ವಾಸಕೋಶಕ್ಕೆ ಕೇಡು. ಬೂದಿಯನ್ನು ಒದ್ದೆಮಾಡಿ ತೆಗೆಯಬೇಕು, ಮುಚ್ಚಿದ ಚೀಲದಲ್ಲಿ ಸಾಗಿಸಬೇಕು, ಚರಂಡಿಗೆ ಸುರಿಯಬಾರದು.

ಮೂರನೆಯದು ಒಲೆ ಉರಿಸುವ ಮನುಷ್ಯ. ಬಿಸಿನೀರಿನ ಚರ್ಚೆಯಲ್ಲಿ ಮೀಯುವವನ ಸುಖವಿದೆ, ಮಾಲಿಕನ ಲಾಭವಿದೆ. ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ಹಿತ್ತಿಲ ಕತ್ತಲಲ್ಲಿ ಒಲೆಯ ಮುಂದೆ ಕುಳಿತುಕೊಳ್ಳುವ ಆಳಿನ ಹೆಸರನ್ನು ಯಾರೂ ಎತ್ತುವುದಿಲ್ಲ. ಕಣ್ಣು ಉರಿಯುವುದು ಅವನಿಗೆ, ಕೆಮ್ಮು ಅವನಿಗೆ. ಸರಿಯಾದ ಗಾಳಿ ಸಿಗದೆ ಅರೆಬೆಂದ ಇಂಧನದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡು ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣವನ್ನೇ ತೆಗೆಯುತ್ತದೆ. ಎತ್ತರದ ಹೊಗೆಕೊಳವೆ, ತೆರೆದ ಗಾಳಿ, ಮೂಗಿಗೆ ಕಟ್ಟಿಕೊಳ್ಳುವ ಮುಸುಕು ಇವುಗಳ ವೆಚ್ಚವನ್ನು ಲೆಕ್ಕಕ್ಕೆ ಹಿಡಿಯದೆ ಹೊಟ್ಟಿನ ಬೆಂಕಿ ಅಗ್ಗವೆಂದು ಹೇಳುವುದು, ಇನ್ನೊಬ್ಬನ ಉಸಿರನ್ನು ಸಾಲ ತಂದು ಶ್ರೀಮಂತನಾದಂತೆ.

ಒಲೆಯನ್ನು ತಿದ್ದುವ ವಿದ್ಯೆ ಕನ್ನಡಿಗರಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ. ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ಅಲ್ಲಿಯ ವಿಜ್ಞಾನಿಗಳು ಕುಣಿಗಲ್ ತಾಲ್ಲೂಕಿನ ಹಳ್ಳಿಗಳಿಗೆ ಹೋಗಿ ಜನರು ಯಾವುದಕ್ಕೆ ಎಷ್ಟು ಸೌದೆ ಸುಡುತ್ತಾರೆಂಬುದನ್ನು ತೂಗಿ ನೋಡಿದರು. ಅನಂತರ ಅಸ್ತ್ರ ಒಲೆಯನ್ನು ರೂಪಿಸಿದರು. ಅವರು ಕಂಡುಕೊಂಡ ಗುಟ್ಟು ಸರಳವಾದುದು: ಗಾಳಿಯು ಬೇಕಾದಷ್ಟೇ ಒಳಬರಲಿ, ಉರಿಯು ಪಾತ್ರೆಯನ್ನು ಅಪ್ಪಿಕೊಂಡು ಹೋಗಲಿ, ಹೊಗೆಯು ಕೊಳವೆಯಲ್ಲಿ ಹೊರನಡೆಯಲಿ. ಮೂರು ಕಲ್ಲಿನ ಒಲೆಯಲ್ಲಿ ಕಾವಿನ ಬಹುಪಾಲು ಗಾಳಿಗೆ ಹೋಗುತ್ತದೆ. ಒಳ್ಳೆಯ ಒಲೆಯಲ್ಲಿ ಅದೇ ಕೆಲಸಕ್ಕೆ ಅರ್ಧಕ್ಕಿಂತ ಕಡಿಮೆ ಕಟ್ಟಿಗೆ ಸಾಕು. ಬರಿಯ ಸ್ನಾನದ ನೀರಿಗೆ ಒತ್ತಡದ ಆವಿಯೂ ಬೇಕಾಗಿಲ್ಲ. ಗಾಳಿಗೆ ತೆರೆದ ತೊಟ್ಟಿ ಸಾಕು. ಆವಿಯ ಬಾಯ್ಲರನ್ನೇ ಇಡುವವರು ಕಾಯಿದೆಯ ಪ್ರಕಾರ ತಪಾಸಣೆ ಮಾಡಿಸಬೇಕಾಗುತ್ತದೆ.

ಇನ್ನು ಉಳಿದುದು ಬೆಲೆಯ ಮಾತು. ಇದೇ ಎಲ್ಲಕ್ಕಿಂತ ತೊಡಕಿನದು. ಯಾರೂ ಕೇಳದಿರುವ ತನಕ ಮಾತ್ರ ಕಸವು ಕಸ. ಕೊಳ್ಳುವವನೊಬ್ಬ ಬಂದ ಮರುದಿನವೇ ಅದು ಸರಕು. ವಿಜ್ಞಾನ ಸಂಸ್ಥೆಯೂ ಬಿ.ಪಿ. ಕಂಪನಿಯೂ ಕೂಡಿ ರೂಪಿಸಿದ ‘ಊರ್ಜಾ’ ಎಂಬ ಗುಳಿಗೆಯೊಲೆ 2006ರ ಸುಮಾರಿಗೆ ಮಾರುಕಟ್ಟೆಗೆ ಬಂದು ಲಕ್ಷಗಟ್ಟಲೆ ಮನೆಗಳನ್ನು ಸೇರಿತು. ಒಲೆ ಚೆನ್ನಾಗಿಯೇ ಉರಿಯಿತು. ಆದರೆ ಗುಳಿಗೆ ಮಾಡುವ ಬೆಳೆಯುಳಿಕೆಗೆ ಬೇಡಿಕೆ ಹೆಚ್ಚಿ ಬೆಲೆ ಏರಿದಾಗ ಗೃಹಿಣಿಯರು ಅದನ್ನು ಬದಿಗಿಟ್ಟರು. ವ್ಯಾಪಾರವು ಹೋಟೆಲುಗಳ ದೊಡ್ಡ ಅಡಿಗೆಮನೆಗಳತ್ತ ತಿರುಗಿತು. 2021ರ ಅಕ್ಟೋಬರಿನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯವು ಕಲ್ಲಿದ್ದಲಿನ ಸ್ಥಾವರಗಳು ಶೇಕಡಾ 5ರಷ್ಟು ಇಂಥ ಗುಳಿಗೆಗಳನ್ನು ಬೆರೆಸಿ ಉರಿಸಬೇಕೆಂಬ ನೀತಿಯನ್ನು ಹೊರಡಿಸಿತು. ಗಿರಣಿ, ಇಟ್ಟಿಗೆಯ ಭಟ್ಟಿ, ವಿದ್ಯುತ್ ಸ್ಥಾವರ ಇವುಗಳೆಲ್ಲ ಕೈಚಾಚಿರುವ ರಾಶಿಯ ಮುಂದೆ ಸಣ್ಣ ಲಾಡ್ಜಿನವನು ಕೊನೆಯ ಸಾಲಿನಲ್ಲಿ ನಿಲ್ಲುತ್ತಾನೆ. ರಾಶಿಯಾದರೂ ಸ್ಥಿರವೇ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೆಯ ಗೇಟು ಕೊಚ್ಚಿಹೋದಾಗ ಇಡೀ ಸೀಮೆ ನಿದ್ದೆಗೆಟ್ಟಿತು. ಕಾಲುವೆಗೆ ನೀರಿಲ್ಲದಿದ್ದರೆ ಭತ್ತವಿಲ್ಲ. ಭತ್ತವಿಲ್ಲದಿದ್ದರೆ ಹೊಟ್ಟೂ ಇಲ್ಲ.

ಬೆಲೆಯ ಜೊತೆಗೆ ನ್ಯಾಯದ ಪ್ರಶ್ನೆಯೂ ಇದೆ. ಭತ್ತದ ಹುಲ್ಲು ದನಗಳ ಮೇವು; ಅದನ್ನು ಒಲೆಗೆ ಹಾಕುವ ಮಾತು ಬೇಡ. ಅದರಲ್ಲಿರುವ ಪೊಟ್ಯಾಸಿಯಂ ಉರಿಯಲ್ಲಿ ಕರಗಿ ಗಟ್ಟಿಕಟ್ಟಿ ಒಲೆಯನ್ನೂ ಕೆಡಿಸುತ್ತದೆ. ಜಾಲಿಯ ಕಟ್ಟಿಗೆಯನ್ನು ಇಂದು ತಲೆಹೊರೆಯಲ್ಲಿ ಹೊತ್ತು ತರುವವಳು ಬಡಹೆಂಗಸು. ಗುತ್ತಿಗೆದಾರನ ಲಾರಿ ಬಂದು ಕೆರೆಯ ಏರಿಯನ್ನೆಲ್ಲ ಬೋಳಿಸಿದರೆ ಲಾಡ್ಜಿನ ಬಿಲ್ಲು ಇಳಿಯಬಹುದು, ಆಕೆಯ ಒಲೆ ಆರಿಹೋಗುತ್ತದೆ. ಆ ಕಟ್ಟಿಗೆಯನ್ನು ಕಡಿದು ಒಣಗಿಸಿ ಮಾರುವ ಕೆಲಸವನ್ನು ಅಂಥ ಹೆಂಗಸರ ಸಂಘಗಳಿಗೇ ಪಂಚಾಯಿತಿಯವರು ವಹಿಸಿಕೊಟ್ಟರೆ ಊರಿನ ಮುಳ್ಳೂ ಕಡಿಮೆಯಾಗುತ್ತದೆ, ಕೈಗೆ ಕೂಲಿಯೂ ಹತ್ತುತ್ತದೆ.

ಹಾಗಾದರೆ ಮಾಲಿಕನು ಮಾಡಬೇಕಾದುದೇನು? ಬಳ್ಳಾರಿಯಲ್ಲಿ ಬೆಲೆಯಿಲ್ಲದೆ ಸಿಗುವ ಬೆಂಕಿ ಒಂದೇ, ಅದು ಆಕಾಶದ್ದು. ಸ್ನಾನದ ನೀರಿಗೆ ಮೊದಲು ಮಾಳಿಗೆಯ ಮೇಲೆ ಸೌರಶಾಖದ ಹೀಟರು ಬರಲಿ. ಕರ್ನಾಟಕ ಸರಕಾರವು 2007ರಲ್ಲಿಯೇ ಹೋಟೆಲು, ಆಸ್ಪತ್ರೆ ಮೊದಲಾದ ಕಡೆ ಅದನ್ನು ಕಡ್ಡಾಯಗೊಳಿಸಿ ಆಜ್ಞೆ ಹೊರಡಿಸಿತ್ತು. ಮೋಡ ಕವಿದ ದಿನಕ್ಕೆ, ಹಿಂದಿನ ಸಂಜೆಯೇ ನೀರು ಬರಿದಾದ ಬೆಳಗಿಗೆ, ಕುರುಗೋಡಿನ ಜಾತ್ರೆಯಲ್ಲಿ ಸಾವಿರಾರು ಜನರಿಗೆ ಬೇಯಿಸುವ ಅಡಿಗೆಗೆ ಹೊಟ್ಟೂ ಜಾಲಿಯೂ ಒದಗಲಿ. ಸೂರ್ಯನು ಮುಕ್ಕಾಲು ಭಾರವನ್ನು ಹೊತ್ತರೆ ಉಳಿದ ಕಾಲು ಪಾಲಿಗೆ ಬೇಕಾಗುವ ಹೊಟ್ಟು ದಿನಕ್ಕೆ ಆರೇಳು ಕಿಲೊ ಮಾತ್ರ. ಅಷ್ಟನ್ನು ಒಣಗಿದ ಉಗ್ರಾಣದಲ್ಲಿಡುವುದು ಸುಲಭ. ಅಷ್ಟರ ಬೂದಿಯನ್ನು ತೆಗೆಯುವುದೂ ಸುಲಭ. ಬೆಲೆ ಏರಿದರೂ ಮನೆ ಮುಳುಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಒಲೆಯ ಮುಂದಿನ ಆಳು ತಿಂಗಳ ಬಹುಪಾಲು ದಿನಗಳಲ್ಲಿ ಬೆಳಕು ಹರಿಯುವವರೆಗೆ ನಿದ್ದೆ ಮಾಡಬಹುದು.