ನಲ್ಲಿ ಕದ್ದೋನು ಸರಿ, ಕೊಂಡೋನು? (ಭಾಗ 6)

ಮೊನ್ನೆ ರಾತ್ರಿ ನಮ್ಮ ಬೀದೀಲಿ ಮೂರು ಮನೆ ಹಿತ್ತಾಳೆ ನಲ್ಲಿ, ಒಂದು ನೀರಿನ ಮೀಟರ್ ಮಾಯ. ಪಕ್ಕದ್ಮನೆ ಅಜ್ಜಿ ಏಳೋ ಹೊತ್ತಿಗೆ ಟ್ಯಾಂಕ್ ಪೂರ್ತಿ ಖಾಲಿ. ಲೇಔಟ್ ವಾಟ್ಸಾಪ್ ಗ್ರೂಪಲ್ಲಿ ಮೊದಲು ಬಂದಿದ್ದು ದಿನಾ ಚಿಂದಿ ಆಯೋ ಅಕ್ಕನ ಫೋಟೋ. ಸಾಕ್ಷಿ? ಹೆಗಲ ಮೇಲಿನ ಚೀಲ, ಅಷ್ಟೇ. ನಾನೂ ಥಂಬ್ಸ್ ಅಪ್ ಒತ್ತಿದ್ದೆ, ನಾಚಿಕೆ ಆಗತ್ತೆ.

ಕದ್ದೋನು ನಲ್ಲೀನ ಮನೇಲಿಟ್ಟು ಪೂಜೆ ಮಾಡಲ್ಲ ಗುರು. ಮೀಟರು, ಏಸಿಯ ತಾಮ್ರದ ಪೈಪು, ಎಲ್ಲಾ ಯಾವುದೋ ಗುಜರಿ ಅಂಗಡಿ ತಕ್ಕಡಿಗೇ ಹೋಗ್ಬೇಕು. ಕದ್ದ ಮಾಲು ಅಂತ ಗೊತ್ತಿದ್ದೂ ಕೊಂಡ್ರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೂ ಜೈಲು. ಮೀಟರ್ ಕೈಗೆ ಬಂದಾಗ ‘ಎಲ್ಲಿ ಸಿಕ್ತು’ ಅಂತ ಕೇಳದ ಅಂಗಡಿಯವನನ್ನ ನಮ್ಮ ಗ್ರೂಪು ಯಾಕೆ ಏನೂ ಕೇಳಲ್ಲ? ಹಳೇ ಪೇಪರ್‌ಗೆ ಒಳ್ಳೆ ರೇಟ್ ಕೊಡ್ತಾನೆ ಅಂತಾನಾ?

ಆ ಅಕ್ಕ ಈಗ ನಮ್ಮ ಬೀದಿಗೆ ಬರ್ತಿಲ್ಲ. ಫೋಟೋ ಇನ್ನೂ ಗ್ರೂಪಲ್ಲೇ ಇದೆ.