ಕಥೆ ವಾಪಸು ಬಂದರೆ ಏನು ಮಾಡಬೇಕು?



ಈ ವಾರದ ಅಂಚೆಯಲ್ಲಿ ಶಿರಸಿ ಕಡೆಯ ಅಜ್ಜಿಯೊಬ್ಬರ ಪತ್ರವಿತ್ತು. ಅವರ ಮೊಮ್ಮಗಳು ಏಳನೇ ತರಗತಿ. ಅವಳು ಒಂದು ಪತ್ರಿಕೆಗೆ ಕಳಿಸಿದ ಕಥೆ ವಾಪಸು ಬಂದಿದೆ. ಅಂದಿನಿಂದ ‘ನನಗೆ ಬರೆಯೋಕೆ ಬರಲ್ಲ’ ಎಂದು ನೋಟ್‌ಬುಕ್ಕನ್ನೇ ಮುಟ್ಟುತ್ತಿಲ್ಲವಂತೆ. ‘ಕಥೆ ಬರೆದರೆ ಹೊಟ್ಟೆ ತುಂಬುತ್ತದೆಯೇ? ಬಿಟ್ಟದ್ದೇ ಒಳ್ಳೆಯದಾಯಿತು’ ಎನ್ನುವುದು ಅವಳ ಅಪ್ಪನ ಮಾತು. ನಾನೇನು ಹೇಳಲಿ ಎಂದು ಅಜ್ಜಿ ಕೇಳಿದ್ದಾರೆ.

ಅಜ್ಜಿಯವರೇ, ಮೊದಲು ಅವಳಿಗೆ ಮೈಸೂರಿನ ಆರ್. ಕೆ. ನಾರಾಯಣ್ ಅವರ ವಿಷಯ ಹೇಳಿ. ಅವರ ಮೊದಲ ಕಾದಂಬರಿಯನ್ನು ಇಂಗ್ಲೆಂಡಿನ ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಹಿಂದಿರುಗಿಸಿದರು. ಬೇಸತ್ತ ನಾರಾಯಣ್, ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸಿಬಿಡುವಂತೆ ಅಲ್ಲಿದ್ದ ಗೆಳೆಯನಿಗೆ ಬರೆದರು. ಗೆಳೆಯ ಹಾಗೆ ಮಾಡದೆ ಗ್ರಹಾಂ ಗ್ರೀನ್ ಎಂಬ ಲೇಖಕರಿಗೆ ಓದಲು ಕೊಟ್ಟ. 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಅಚ್ಚಾಯಿತು. ದೂರದರ್ಶನದ ‘ಮಾಲ್ಗುಡಿ ಡೇಸ್’ನಲ್ಲಿ ನೀವೆಲ್ಲ ನೋಡಿದ ಸ್ವಾಮಿ ಇವನೇ!

ಹಾಗೆಂದು ವಾಪಸು ಬಂದ ಕಥೆಯನ್ನು ಇದ್ದ ಹಾಗೆಯೇ ಇನ್ನೊಂದು ಕಡೆಗೆ ಕಳಿಸಬೇಡಿ. ಮೊದಲು ರಿಪೇರಿ ಮಾಡಿ. ಅದಕ್ಕೆ ಬೇಕಾದವರು ಮನೆಯಲ್ಲೇ ಇದ್ದಾರೆ. ಹಿಂದೆ ಅಜ್ಜಿ ಕಥೆ ಹೇಳುವಾಗ ಕೇಳುವವರು ‘ಹೂಂ’ ಅನ್ನುತ್ತಿರಬೇಕಿತ್ತು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಈಗ ಪಾತ್ರ ಬದಲಿಸಿ. ಮೊಮ್ಮಗಳು ಗಟ್ಟಿಯಾಗಿ ಓದಲಿ, ನೀವು ಹೂಂಗುಟ್ಟಿ. ಹೊಗಳಬೇಡಿ, ಕಾಗುಣಿತ ತಿದ್ದಬೇಡಿ. ನಿಮ್ಮ ‘ಹೂಂ’ ಸಪ್ಪೆಯಾದ ಕಡೆ ಅವಳು ಪೆನ್ಸಿಲ್‌ನಿಂದ ಗುರುತು ಹಾಕಲಿ.

ಮಕ್ಕಳ ಕಥೆಗಳನ್ನು ಓದುವಾಗ ನನ್ನ ‘ಹೂಂ’ ನಿಲ್ಲುವುದು ಸಾಮಾನ್ಯವಾಗಿ ನಾಲ್ಕು ಕಡೆ.

ಒಂದು, ಕಥೆ ತಡವಾಗಿ ಶುರುವಾದಾಗ. ಹುಡುಗ ಏಳುತ್ತಾನೆ, ಹಲ್ಲುಜ್ಜುತ್ತಾನೆ, ದೋಸೆ ತಿನ್ನುತ್ತಾನೆ. ನಾಯಿಮರಿ ಕಳೆದುಹೋಗುವುದು ಎರಡನೇ ಪುಟದಲ್ಲಿ! ನಾಯಿಮರಿ ಕಾಣದಿರುವುದೇ ಮೊದಲ ಸಾಲಾಗಲಿ.

ಎರಡು, ‘ಅವನಿಗೆ ತುಂಬಾ ದುಃಖವಾಯಿತು’ ಎಂದು ಬರೆದುಬಿಟ್ಟಾಗ. ಮರಿ ಇಲ್ಲದಿದ್ದರೂ ಅವನು ಅದರ ಬಟ್ಟಲಿಗೆ ಹಾಲು ಹಾಕಿಟ್ಟ ಎಂದು ಬರೆಯಿರಿ. ದುಃಖ ನಮಗೇ ಗೊತ್ತಾಗುತ್ತದೆ.

ಮೂರು, ಕೊನೆಯಲ್ಲಿ ಪೊಲೀಸ್ ಮಾಮ ಬಂದು ಎಲ್ಲ ಸರಿಮಾಡಿದಾಗ, ಅಥವಾ ‘ಅದೆಲ್ಲ ಕನಸು’ ಎಂದಾಗ. ಹುಡುಗನೇ ಹುಡುಕಲಿ. ಒಮ್ಮೆ ತಪ್ಪು ದಾರಿ ಹಿಡಿದು, ಆಮೇಲೆ ಕಂಡುಹಿಡಿಯಲಿ.

ನಾಲ್ಕು, ‘ಆದ್ದರಿಂದ ಮಕ್ಕಳೇ…’ ಎಂಬ ನೀತಿ. ಅದನ್ನು ಹೊಡೆದುಹಾಕಿ. ಕಥೆ ಚೆನ್ನಾಗಿದ್ದರೆ ನೀತಿ ಅದರೊಳಗೇ ಇರುತ್ತದೆ.

ಇನ್ನು ಅಪ್ಪನ ಪ್ರಶ್ನೆ. ಅದು ನ್ಯಾಯವಾದದ್ದೇ. ಕಥೆಯೊಂದರಿಂದಲೇ ಸಂಸಾರ ನಡೆಸುವವರು ಕನ್ನಡದಲ್ಲಿ ಬಹಳ ಕಡಿಮೆ. ಆದರೆ ಹೊಟ್ಟೆಪಾಡಿನ ಕೆಲಸ ಮತ್ತು ಬರವಣಿಗೆ ಜೊತೆಜೊತೆಗೇ ನಡೆದಿವೆ. ಅನುಪಮಾ ನಿರಂಜನ ವೈದ್ಯೆಯಾಗಿದ್ದರು. ಮಕ್ಕಳಿಗಾಗಿ ‘ದಿನಕ್ಕೊಂದು ಕಥೆ’ಯನ್ನೂ ಕೊಟ್ಟರು. ನಾರಾಯಣ್ ಪತ್ರಿಕೆಗೆ ಸುದ್ದಿ ಬರೆದು ಕಳಿಸುತ್ತಿದ್ದರು. ಮಾಸ್ತಿಯವರು ಸರ್ಕಾರಿ ಅಧಿಕಾರಿ. ‘ಶ್ರೀನಿವಾಸ’ ಎಂಬ ಹೆಸರಿನಲ್ಲಿ ಬರೆದರು. ಅವರ ‘ಕೆಲವು ಸಣ್ಣ ಕತೆಗಳು’ ಬಂದದ್ದು 1920ರಲ್ಲಿ, ಜ್ಞಾನಪೀಠ ಪ್ರಶಸ್ತಿ 1983ರದು. ನಡುವೆ 63 ವರ್ಷ! ಹುಡುಗಿ ಓದು ಬಿಡಬೇಕಾಗಿಲ್ಲ. ದಿನಕ್ಕೆ ಅರ್ಧ ಗಂಟೆ ಅವಳಿಗೆಂದು ಬಿಟ್ಟುಕೊಡಿ, ಸಾಕು.

ತಿದ್ದಿದ ಕಥೆಯನ್ನು ಹಾಳೆಯ ಒಂದೇ ಬದಿಯಲ್ಲಿ, ಅಂಚು ಬಿಟ್ಟು, ಬಿಡಿಸಿ ಬರೆಯಿರಿ. ಹೆಸರು, ತರಗತಿ, ವಿಳಾಸ ಕಥೆಯ ಹಾಳೆಯಲ್ಲೇ ಇರಲಿ. ಲಕೋಟೆಯ ಮೇಲೆ ಮಾತ್ರ ಬರೆದರೆ ಸಾಲದು. ಒಂದು ಪ್ರತಿ ಮನೆಯಲ್ಲಿಟ್ಟುಕೊಳ್ಳಿ. ಒಂದೇ ಕಥೆಯನ್ನು ಒಟ್ಟಿಗೆ ಎರಡು ಪತ್ರಿಕೆಗೆ ಕಳಿಸಬೇಡಿ. ಕಳಿಸಿದ ತಾರೀಖು ಬರೆದಿಟ್ಟುಕೊಳ್ಳಿ.

ಆಮೇಲೆ ಅಂಚೆಯಣ್ಣನ ದಾರಿ ಕಾಯುತ್ತ ಕೂರಬೇಡಿ. ಅಂದು ಸಂಜೆಯೇ ಎರಡನೇ ಕಥೆ ಶುರುಮಾಡಿ.